ಚೆಕಿಂಗ್

ಬ್ರಾಂಚಿಗೆ ಕೊನೆಗೆ ಹೋದವಳಿಗೆ ಗೋಣಿಯ ತಳವೇ ಗತಿ,
ತೂತು ಬಿದ್ದ ಎಲೆ, ನಾರು, ಪುಡಿ.
ಆ ಮಂಗಳವಾರ ಚೆಕ್ಕರ್ ರುಕ್ಮಯ ಇರಲಿಲ್ಲ.
ತೂಕದ ಹುಡುಗ ಗೋಣಿಯನ್ನೇ ಎತ್ತಿ ತಲೆಗಿಟ್ಟ:
'ಇಡೀ ಕೊಂಡುಹೋಗಿ ಅಕ್ಕಾ, ನಾಳೆ ಹೊಸ ಲೋಡ್ ಉಂಟು.'

ತೊಕ್ಕೊಟ್ಟಿನಿಂದ ಕುತ್ತಾರಿಗೆ ಬಸ್ಸಲ್ಲಿ
ಕಾಲ ಸಂದಿಯಲ್ಲಿಟ್ಟುಕೊಂಡು ಬಂದೆ.
ಕಂಡಕ್ಟರ್ ಲಗೇಜಿಗೆಂದು ಹತ್ತು ರೂಪಾಯಿ ಕೇಳಿದ.
ಬೀಡಿ ಎಲೆಗೆ ಎಂತ ಲಗೇಜು ಮಾರಾಯ,
ಎಂದು ಇಳಿಯುವವರೆಗೆ ಜಗಳ ಮಾಡಿದೆ.

ರಾತ್ರಿ ನೆನೆಹಾಕಲು ಗೋಣಿ ಕೊಡವಿದರೆ
ಎಲೆಯ ಮೇಲೆ ಎಲೆ, ಆಮೇಲೆ
ಎಲೆಯಲ್ಲದ್ದು.
ಐನೂರರ ನೋಟು. ಸೊಸೈಟಿಯ ಸೀಲು ಹೊಡೆದ ಪಟ್ಟಿ.

ಸೊಸೈಟಿಯ ಹಿಂದಿನ ಕಿಟಕಿ ಮುರಿದದ್ದು ಶನಿವಾರ.
ಆದಿತ್ಯವಾರ ಪೊಲೀಸ್ ನಾಯಿ ಬಂತು,
ರೈಲ್ವೆ ಗೇಟಿನವರೆಗೆ ಓಡಿ, ಎರಡು ಸಲ ಸೀನಿ, ಕೂತುಬಿಟ್ಟಿತು.
ಊರೆಲ್ಲ ನಕ್ಕಿತು. ನಾನೂ.
ಹೊಗೆಸೊಪ್ಪಿನ ಪುಡಿ. ಈಗ ಗೊತ್ತಾಯಿತು.

ಕೈಗೆ ಬುದ್ಧಿ ಇಲ್ಲ.
ಅದು ಎಣಿಸತೊಡಗಿತು ತನಗೆ ಬರುವ ಹಾಗೆ,
ಇಪ್ಪತ್ತೈದಾದ ಕೂಡಲೆ ಕೆಂಪು ದಾರ, ಎರಡು ಸುತ್ತು, ಗಂಟು.
ನಾಲ್ಕು ಕಟ್ಟು ಕಟ್ಟಿದ ಮೇಲೆ
ಅಯ್ಯೋ ಎಂದು ಬಿಚ್ಚಲು ಕೂತೆ.

ಇದರಲ್ಲಿ ನನ್ನದೂ ಉಂಟಲ್ಲ?
ಅಡವಿಟ್ಟ ಬೆಂಡೋಲೆ ಬಿಡಿಸಲು ಕೂಡಿಟ್ಟ ಹನ್ನೊಂದೂವರೆ ಸಾವಿರ.
ನಾನು ಕೊಟ್ಟ ನೋಟಿಗೆ ಹೊಗೆಸೊಪ್ಪಿನ ವಾಸನೆ,
ಸೊಸೈಟಿಯ ಕ್ಯಾಶಿಯರ್ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದಳು.
ಒಂದೊಂದಾಗಿ ಮೂಸಿದೆ.
ಎಲ್ಲವೂ ನನ್ನ ಹಾಗೆಯೇ ನಾರುತ್ತಿತ್ತು.

ಬೆಳಿಗ್ಗೆ ಬೀಫಾತಿಮ್ಮ ತಡಪೆ ಹಿಡಿದು ಬಂದು
ಜಗಲಿಯಲ್ಲಿ ಕೂತು, ಬೀಡಿ ಸುರುಟುತ್ತಲೇ ಅತ್ತಳು.
'ಮಗಳ ಮದುವೆಯ ಮೂವತ್ತು ಸಾವಿರ, ವಾರಿಜಾ.
ಈಗ ಎಲ್ಲಿ ಉಂಟೋ ಯಾರ ಹತ್ತಿರ ಉಂಟೋ.'
ನನ್ನ ಬೆನ್ನಿಗೆ ಗೋಡೆ, ಗೋಡೆಯ ಹಿಂದೆ ಅಕ್ಕಿ ಡಬ್ಬ.
'ಅಳಬೇಡ, ಎಲೆ ಹರಿಯುತ್ತದೆ' ಎಂದೆ.

ಬುಧವಾರ ರಾತ್ರಿ ಸ್ಕೂಟರು ಗೇಟಿನಾಚೆಯೇ ಆಫ್ ಆಯಿತು.
ರುಕ್ಮಯ. ಹತ್ತೊಂಬತ್ತು ವರ್ಷ ನನ್ನನ್ನು 'ಏ' ಎಂದವ
'ವಾರಿಜಕ್ಕ' ಎಂದ. ಚಪ್ಪಲಿ ಕಳಚಿದ.
'ಗೋಣಿ ಬದಲಾಗಿದೆ.'
ಸೊಂಟದ ಹತ್ತಿರ ಅಂಗಿ ಉಬ್ಬಿತ್ತು,
ಎಲೆ ಕತ್ತರಿಗಿಂತ ಉದ್ದದ್ದು ಏನೋ.
ಒಳಗೆ ಮಗಳು ಹದಿಮೂರರ ಮಗ್ಗಿ ಹೇಳುತ್ತಿದ್ದಳು,
ಪ್ರತಿಸಲ ಏಳಕ್ಕೆ ತಪ್ಪುತ್ತಿದ್ದಳು.

ಕೊಟ್ಟೆ.
ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಎಣಿಸಿದ
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು.
ಆಮೇಲೆ ಟಾರ್ಚು ತೆಗೆದು,
'ಅರವತ್ತೆರಡು ಕಡಿಮೆ ಉಂಟು.'

ಇಪ್ಪತ್ತಮೂರು ನನ್ನ ಬೆಂಡೋಲೆಯದ್ದು.
ಮೂವತ್ತೊಂಬತ್ತು, ವಾರಕ್ಕೆ ನೂರರಂತೆ
ಹಬ್ಬದ ವಾರವನ್ನೂ ಬಿಡದೆ
ಅವನು ನನ್ನ ಬೀಡಿಯಿಂದ ಹೆಕ್ಕಿ ಬದಿಗಿಟ್ಟು
ಸಂಜೆ ಬೇರೆ ಕಟ್ಟಿ ಮಾರಿದ್ದರ ಲೆಕ್ಕ.
ಅದನ್ನೆಲ್ಲ ಹೇಳಲಿಲ್ಲ.
ಹೇಳಿದ್ದು ಇಷ್ಟೆ, ಅವನದೇ ಮಾತು:
'ಚೆಕಿಂಗಲ್ಲಿ ಹೋಯಿತು.'

ತುಂಬ ಹೊತ್ತು ನೋಡಿದ.
ಬಿಚ್ಚಲು ಮರೆತ ಒಂದು ಕಟ್ಟು ಅವನ ಅಂಗೈಯಲ್ಲಿತ್ತು.
ಕೆಂಪು ದಾರವನ್ನು ಹೆಬ್ಬೆರಳಿನಿಂದ ಸವರಿ
'ಗಂಟು ಒಳ್ಳೆದುಂಟು' ಎಂದ.
ಸ್ಕೂಟರನ್ನು ತಿರುವಿನವರೆಗೆ ದೂಡಿಕೊಂಡೇ ಹೋದ.

ಶನಿವಾರ ಬ್ರಾಂಚಿನಲ್ಲಿ ಸಾಲು.
ಬೀಫಾತಿಮ್ಮನ ಸಾವಿರದಲ್ಲಿ ನಲವತ್ತು ತೆಗೆದ,
ಬಾಯಿ ಸರಿ ಇಲ್ಲ, ಸಪೂರ, ಸೊಪ್ಪು ಕಡಿಮೆ.
ಅವಳು ಮಾತಾಡಲಿಲ್ಲ.

ನನ್ನ ತಡಪೆ ಬಂತು.
ಕಟ್ಟು ಎತ್ತಿದ, ಇಟ್ಟ. ಎತ್ತಿದ, ಇಟ್ಟ.
ಒಂದನ್ನೂ ತೆಗೆಯಲಿಲ್ಲ.
'ಸಾವಿರಕ್ಕೆ ಸಾವಿರ' ಎಂದು ಪುಸ್ತಕದಲ್ಲಿ ಬರೆದ
ಸಾಲಿನ ಕೊನೆಯವರಿಗೂ ಕೇಳುವ ಹಾಗೆ.

ಬೀಫಾತಿಮ್ಮ ನನ್ನ ಕಡೆ ತಿರುಗಿದಳು.